ಎಂಟು ತುಂಬುವುದು, ಎಂಟರಲ್ಲಿ ಬೀಳುವುದು

ಅಗಡಿ

ಪರದೇಶಕ್ಕೆ ಹೊರಟವನಿಗೆ ಊರವರು ಏನಾದರೂ ತರಲು ಹೇಳಿಯೇ ಹೇಳುತ್ತಾರೆ. ನಾನು ಪ್ರಾಣಿಶಾಸ್ತ್ರ ಕಲಿಸುವ ರಾಣೆಬೆನ್ನೂರಿನ ಕಾಲೇಜಿನ ಪ್ರಿನ್ಸಿಪಾಲರು ಒಂದು ಪೆನ್ನು ಕೇಳಿದರು. ಬ್ಯಾಡಗಿಯ ಮಾವನವರು ಮೆಣಸಿನಕಾಯಿ ವ್ಯಾಪಾರದವರು. "ಅಲ್ಲಿ ಮಂದಿ ಖಾರ ತಿಂತಾರೋ ಇಲ್ಲೋ ನೋಡ್ಕೊಂಡು ಬರ್ರಿ" ಎಂದು ನನಗೆ ಗುಪ್ತಚರನ ಕೆಲಸ ಒಪ್ಪಿಸಿ, ಒಂದು ಡಬ್ಬಿ ಖಾರದ ಪುಡಿಯನ್ನೂ ಕೈಗಿಟ್ಟರು. ಅಗಡಿಗೆ ಮದುವೆಯಾಗಿ ಹೋದ ನನ್ನ ತಂಗಿ ನೀಲವ್ವ ಮಾತ್ರ ಏನನ್ನೂ ಕೇಳಲಿಲ್ಲ. ಹೊರಡುವ ಮುನ್ನ ಹೇಳಿ ಬರಲೆಂದು ಹೋದಾಗ ಜೋಳ ಹಸನು ಮಾಡುತ್ತ ಕೂತಿದ್ದಳು.

"ಅಣ್ಣ, ನಾಕ ತಿಂಗಳ ಅಲ್ಲಿ ಏನ ಕಲಿಯಾಕ ಹೊಂಟೀದಿ?"

ಶ್ವಾಸಕೋಶ ಎಂದರೆ ಅವಳಿಗೆ ಪಾಠದಂತೆ ಕೇಳೀತೆಂದು, "ಹೊಟ್ಟ್ಯಾಗಿನ ಕೂಸಿಗೆ ಪುಪ್ಪುಸ ಹ್ಯಾಂಗ ಬೆಳೀತಾವು ಅನ್ನೂದನ್ನ" ಎಂದೆ.

ಮೊರದ ಮೇಲೆ ಅವಳ ಕೈ ನಿಂತಿತು. "ಹಂಗಾರ ಅವರಿಗೆ ಒಂದ ಮಾತು ಕೇಳಿ ಬಾ. ನನ್ನ ಎರಡೂ ಕೂಸು ಯಾಕ ಉಸಿರು ಹಿಡೀಲಿಲ್ಲ ಅಂತ ಕೇಳಿ ಬಾ."

ಅವಳ ಮೊದಲ ಎರಡೂ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದ್ದವು. ಹುಟ್ಟಿ, ಪಕ್ಕೆಲುಬು ಒಳಗೆಳೆದುಕೊಂಡು ಉಸಿರಿಗೆ ಹೆಣಗಿ, ಒಂದು ದಿನವೂ ಪೂರ್ತಿ ಇರದೆ ಹೋಗಿದ್ದವು. ಎಂಟು ತಿಂಗಳ ಕೂಸು ಉಳಿಯುವುದಿಲ್ಲ ಎಂದು ಓಣಿಯ ಹೆಂಗಸರು ತೀರ್ಪು ಕೊಟ್ಟು ಮನೆಗೆ ಹೋಗಿದ್ದರು. ಈಗ ನೀಲವ್ವ ಮೂರನೆಯ ಬಸಿರು. ಮನೆಯಲ್ಲಿ ಯಾರೂ ಅದರ ಮಾತನ್ನೇ ಎತ್ತುತ್ತಿರಲಿಲ್ಲ.

ಓದಿದ ಅಣ್ಣನೆಂಬ ಜಂಬದಲ್ಲಿ ನಾನು ಹಾವೇರಿಯ ಲೇಡಿ ಡಾಕ್ಟರಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆ. ಎಷ್ಟು ತಿಂಗಳು ಎಂದು ನೀಲವ್ವನನ್ನು ಕೇಳಿದೆ. "ಐದರಾಗ ಬಿದ್ದಾವು" ಎಂದಳು. ಐದು ತಿಂಗಳು ತುಂಬಿವೆ ಎಂದು ಬರೆದು, ಹಿಂದಿನ ಎರಡು ಹೆರಿಗೆಗಳ ಸಂಗತಿಯನ್ನು ಸೇರಿಸಿ, ಸಹಿಯ ಕೆಳಗೆ ಎಂ.ಎಸ್‌ಸಿ. ಎಂದೂ ಹಾಕಿದೆ. ಆ ಮೂರಕ್ಷರದ ಪದವಿಗೆ ಎಷ್ಟು ಮರ್ಯಾದೆ ಸಿಕ್ಕಿತೆಂಬುದು ಮುಂದೆ ಬರುತ್ತದೆ.

ಲಂಡನ್, ವಿಮಾನ ನಿಲ್ದಾಣ

ಆ ವರ್ಷವೇ ನಮ್ಮ ಹಾವೇರಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಗಿತ್ತು. ನನ್ನ ಪಾಸ್‌ಪೋರ್ಟು ಹಳೆಯದು, ಕಾಲೇಜಿನ ಪತ್ರ ಹೊಸದು. ಒಂದರಲ್ಲಿ ರಾಣೆಬೆನ್ನೂರು ಧಾರವಾಡ ಜಿಲ್ಲೆಯಲ್ಲಿತ್ತು, ಇನ್ನೊಂದರಲ್ಲಿ ಹಾವೇರಿ ಜಿಲ್ಲೆಯಲ್ಲಿತ್ತು. ಕೌಂಟರಿನಲ್ಲಿದ್ದ ಅಧಿಕಾರಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದ.

"ತಾವು ಊರು ಬದಲಿಸಿದ್ದೀರಾ?"

"ಇಲ್ಲ ಸಾರ್. ನಾನು ಅಲ್ಲಿಯೇ ಇದ್ದೇನೆ. ಜಿಲ್ಲೆಯೇ ಬದಲಾಗಿದೆ."

"ತಮ್ಮ ಒಪ್ಪಿಗೆ ಇಲ್ಲದೆಯೇ?"

"ಒಪ್ಪಿಗೆ ಇತ್ತು ಸಾರ್. ಅದಕ್ಕಾಗಿ ಮೆರವಣಿಗೆಯನ್ನೂ ಮಾಡಿದ್ದೆವು."

ಇದು ಅವನಿಗೆ ಇನ್ನಷ್ಟು ಅನುಮಾನ ತಂದಿತು. ಮೆರವಣಿಗೆ ಮಾಡುವವನನ್ನು ದೇಶದೊಳಗೆ ಬಿಡಬಹುದೇ ಎಂದು ಒಳಗೆ ಹೋಗಿ ಕೇಳಿಕೊಂಡು ಬಂದ. ಆಮೇಲೆ ಖಾರದ ಪುಡಿಯ ಡಬ್ಬಿ ತೆರೆಸಿದ. ಮುಚ್ಚಳ ತೆಗೆದದ್ದೇ ತಡ, ನನ್ನ ಹಿಂದೆ ನಿಂತಿದ್ದ ದಪ್ಪ ಹೆಂಗಸು ಏಳು ಸಲ ಸೀನಿದಳು, ಏಳು ಸಲವೂ ನನ್ನ ಕ್ಷಮೆ ಕೇಳಿದಳು. ತಪ್ಪು ನಮ್ಮದಾದರೂ ಅವರೇ ಕ್ಷಮೆ ಕೇಳುವುದು ಆ ನಾಡಿನ ಮೊದಲ ವಿಚಿತ್ರ. ಹಾವೇರಿಯ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಕಾಲು ತುಳಿದು ಸೀಟು ಹಿಡಿದವನು ನಾನು. ನನಗೆ ಈ ಪದ್ಧತಿ ಬಹಳ ಹಿಡಿಸಿತು.

ಗ್ಲಾಸ್ಗೊ

ಲಂಡನ್ನಿನವರ ಇಂಗ್ಲಿಷು ನಮ್ಮ ಪಠ್ಯಪುಸ್ತಕದ ಇಂಗ್ಲಿಷು. ಅದು ನನಗೆ ತಿಳಿಯಿತು. ಗ್ಲಾಸ್ಗೊದಲ್ಲಿ ಇಳಿದು ಟ್ಯಾಕ್ಸಿಯವನ ಮಾತು ಕೇಳಿದಾಗ, ಇವನು ಯಾವ ಭಾಷೆ ಆಡುತ್ತಿದ್ದಾನೆಂದು ಗಾಬರಿಯಾಯಿತು. ಎಂಟು ದಿನ ಕಳೆದ ಮೇಲೆ ಗುಟ್ಟು ಬಯಲಾಯಿತು. ಇವರೂ ನಮ್ಮಂಥವರೇ. ನಾವು ಬಾಯಿ ಬಿಟ್ಟರೆ ಬೆಂಗಳೂರಿನವರು ಹೇಗೆ ಮುಗುಳ್ನಗುತ್ತಾರೋ, ಇವರು ಬಾಯಿ ಬಿಟ್ಟರೆ ಲಂಡನ್ನಿನವರು ಹಾಗೆಯೇ ಮುಗುಳ್ನಗುತ್ತಾರೆ. ಅರ್ಧ ಅಕ್ಷರ ನುಂಗುತ್ತಾರೆ, ಉಳಿದರ್ಧವನ್ನು ಗಟ್ಟಿಯಾಗಿ ಅನ್ನುತ್ತಾರೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಇನ್ನು ಮುಂದೆ ಅವರ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಗ್ರಂಥಸ್ಥ ಕನ್ನಡದಲ್ಲಿ ಬರೆದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ನಾನು ಕಲಿಯಲು ಬಂದ ಪ್ರಯೋಗಾಲಯದಲ್ಲಿ ನನಗೆ ಇಬ್ಬರು ಮುಖ್ಯ. ಒಬ್ಬರು ನಮ್ಮ ಯಜಮಾನಿ, ಮಾರ್ಗರೆಟ್. ಅವರನ್ನು ಬರಿಯ ಹೆಸರಿನಿಂದ ಕರೆಯಬೇಕೆಂದು ಎಲ್ಲರೂ ಹೇಳಿದರು. ನಾಲ್ಕು ತಿಂಗಳು ಪ್ರಯತ್ನಿಸಿದರೂ ನನ್ನ ನಾಲಿಗೆ "ಮಾರ್ಗರೆಟ್ ಮೇಡಮ್" ಎಂಬಲ್ಲಿಗೆ ಬಂದು ನಿಂತಿತು. ಇನ್ನೊಬ್ಬರು ಐಲೀನ್, ಐವತ್ತು ದಾಟಿದ ಟೆಕ್ನಿಶಿಯನ್. ಸೂಕ್ಷ್ಮದರ್ಶಕದ ಮುಂದೆ ಇಲ್ಲದಿದ್ದಾಗ ಉಣ್ಣೆ ಹೆಣೆಯುತ್ತಿದ್ದರು. ಈರಪ್ಪ ಎಂಬ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಓದಿ ಇಬ್ಬರೂ "ಐರಾಪಾ" ಎಂದರು. ಒಂದು ತಿಂಗಳು ತಿದ್ದಿದೆ, ಆಮೇಲೆ ಐರಾಪಾ ಆಗಿಬಿಟ್ಟೆ.

ಮಾವನವರ ಕೆಲಸವನ್ನೂ ಮುಗಿಸಿದೆ. ಒಂದು ಮಧ್ಯಾಹ್ನ ಉಪ್ಪಿಟ್ಟಿಗೆ ಬ್ಯಾಡಗಿಯ ಪುಡಿ ಹಾಕಿ ಇಬ್ಬರಿಗೂ ಬಡಿಸಿದೆ. ಆ ಕೆಂಪು ಬಣ್ಣ ಕಂಡು ಐಲೀನ್ ಎರಡು ಲೋಟ ನೀರು ತುಂಬಿಟ್ಟುಕೊಂಡು, ಕಣ್ಣು ಮುಚ್ಚಿ ಬಾಯಿಗಿಟ್ಟರು. ಅಗಿದರು. ಕಣ್ಣು ತೆರೆದರು.

"ಇಷ್ಟ ಏನ್ರಿ? ಬರೇ ಬಣ್ಣ ಐತಿ!"

ಬ್ಯಾಡಗಿ ಮೆಣಸಿನಕಾಯಿಯ ಹೆಗ್ಗಳಿಕೆಯೇ ಬಣ್ಣ, ಖಾರ ಕಡಿಮೆ ಎಂದು ಎಷ್ಟು ವಿವರಿಸಿದರೂ ಕೇಳಲಿಲ್ಲ. ಭಾರತದವನು ಮೋಸ ಮಾಡಿದನೆಂದೇ ಅವರಿಗೆ ಕೊನೆಯವರೆಗೂ ಅನಿಸಿತ್ತು.

ಮೂರನೆಯ ಮಹಡಿ

ಮೂರನೆಯ ಮಹಡಿಯಲ್ಲಿ ನಮ್ಮ ಕೆಲಸ. ಬಸಿರಾದ ಬಿಳಿ ಇಲಿಯ ಹೊಟ್ಟೆಯಿಂದ ಹನ್ನೊಂದು ದಿನದ ಭ್ರೂಣಗಳನ್ನು ತೆಗೆದು, ಅವುಗಳೊಳಗಿನ ಎಳ್ಳುಕಾಳಿನಷ್ಟು ಶ್ವಾಸಕೋಶವನ್ನು ಬಿಡಿಸಿ, ಗಾಜಿನ ತಟ್ಟೆಯಲ್ಲಿ ಬೆಳೆಸುವುದು. ಗಣಪತಿಯ ವಾಹನಕ್ಕೆ ಮಾಡಿದ ಈ ಅಪಚಾರಕ್ಕೆ ಮೊದಲ ದಿನ ಮನಸ್ಸಿನಲ್ಲೇ ಕೈ ಮುಗಿದೆ. ಎರಡನೆಯ ದಿನ ಊಟ ಬಿಟ್ಟೆ. ಮೂರನೆಯ ದಿನ ಹಸಿವಾಯಿತು.

ಬಿಡಿಸುವ ಕೆಲಸ ನನಗೆ ಬೇಗ ಕೈಗೆ ಬಂತು. ಕಾಲೇಜು ಓದುವಾಗ ರಜೆಯಲ್ಲಿ ಕುಪ್ಪೇಲೂರಿನ ಹೊಲಗಳಲ್ಲಿ ಹತ್ತಿ ಬೀಜದ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದೆ. ಮೊಗ್ಗು ಸುಲಿದು, ಅದರ ಗಂಡು ಭಾಗವನ್ನು ಮಾತ್ರ ತೆಗೆದು, ಹೆಣ್ಣು ಭಾಗಕ್ಕೆ ಉಗುರು ತಾಗದಂತೆ ಬಿಡಬೇಕು. ತಾಗಿದರೆ ಅಲ್ಲಿನ ಹೆಂಗಸರು ಬೈಯುತ್ತಿದ್ದ ಬೈಗಳು ಈಗಲೂ ಕಿವಿಯಲ್ಲಿವೆ. ಆ ಬೈಗಳ ಪುಣ್ಯದಿಂದ ಗ್ಲಾಸ್ಗೊದಲ್ಲಿ ನನಗೆ ಹೆಸರು ಬಂತು.

ಅಲ್ಲಿ ಕಂಡದ್ದು ಇಷ್ಟು. ಶ್ವಾಸಕೋಶ ಮೊದಲು ಎರಡು ಮೊಗ್ಗು. ಆ ಮೊಗ್ಗು ಕವಲೊಡೆಯುತ್ತದೆ, ಕವಲು ಮತ್ತೆ ಕವಲೊಡೆಯುತ್ತದೆ. ಆದರೆ ಮೊಗ್ಗಿಗೆ ಸ್ವಂತ ಬುದ್ಧಿ ಬಹಳ ಕಡಿಮೆ. ಅದರ ಸುತ್ತ ಮೆತ್ತನೆಯ ಒಂದು ಅಂಗಾಂಶ ಇರುತ್ತದೆ. ಅದನ್ನು ಸುಲಿದು ಹಾಕಿದರೆ ಮೊಗ್ಗು ಗೋಲಿಯಂತೆ ಸುಮ್ಮನೆ ಕೂರುತ್ತದೆ. ಮತ್ತೆ ಹೊದಿಸಿದರೆ ಕವಲೊಡೆಯುತ್ತದೆ. ಇನ್ನೂ ತಮಾಷೆಯೆಂದರೆ, ಶ್ವಾಸನಾಳಕ್ಕೆ ಕವಲಿನ ಗೊಡವೆಯೇ ಇಲ್ಲ. ಆದರೆ ಮೊಗ್ಗಿನ ಸುತ್ತಲಿನ ಅಂಗಾಂಶವನ್ನು ತಂದು ಅದರ ಪಕ್ಕಕ್ಕೆ ಹಚ್ಚಿದರೆ ಅದೂ ಕವಲೊಡೆಯತೊಡಗುತ್ತದೆ. ಹೀಗೆ ಸುತ್ತಲಿನ ಅಂಗಾಂಶ ಕಳಿಸುವ ಓಲೆಗಳಿಗೇ ಬೆಳವಣಿಗೆಯ ಅಂಶಗಳೆಂದು ಹೆಸರು. ಅವುಗಳಲ್ಲಿ ಎಫ್‌ಜಿಎಫ್ ಎಂಬ ಒಂದು ದೊಡ್ಡ ಕುಟುಂಬವಿದೆ, ಎಲ್ಲರಿಗೂ ಸಂಖ್ಯೆಯೇ ಹೆಸರು. ಶ್ವಾಸಕೋಶಕ್ಕೆ ಬಹಳ ಬೇಕಾದವನು ಎಫ್‌ಜಿಎಫ್ ಹತ್ತು. ಅವನಲ್ಲಿ ನೆನೆಸಿದ ಸಣ್ಣ ಮಣಿಯೊಂದನ್ನು ಮೊಗ್ಗಿನ ಪಕ್ಕ ಇಟ್ಟರೆ, ಮೊಗ್ಗು ಎರಡು ದಿನದಲ್ಲಿ ಅತ್ತ ಕತ್ತು ಚಾಚುತ್ತದೆ.

"ಅಂದ್ರ ಒಳಗಿನವ ಏನಾಗಬೇಕು ಅಂತ ನೆರೆಮನಿಯವರು ಹೇಳ್ತಾರ" ಎಂದೆ ಮಾರ್ಗರೆಟ್ ಮೇಡಮ್‌ಗೆ.

"ಬರೋಬ್ಬರಿ ಹೇಳಿದ್ರಿ. ನಿಮ್ಮಲ್ಲೂ ಹಂಗ ಏನು?"

ನಮ್ಮಲ್ಲಿ ಯಾರ ಮಗ ಏನು ಓದಬೇಕು, ಯಾರ ಮಗಳು ಎಲ್ಲಿಗೆ ಹೋಗಬೇಕು ಎಂಬುದನ್ನೆಲ್ಲ ಅಗಡಿಯ ಕಟ್ಟೆಯ ಮೇಲೆ ಕೂತವರು ತೀರ್ಮಾನಿಸುತ್ತಾರೆಂದು ಹೇಳಿದೆ. ಅವರಿಗೆ ಬಹಳ ನಗು ಬಂತು. ಆ ನಗುವಿನ ನಡುವೆಯೇ ನೀಲವ್ವನ ಪ್ರಶ್ನೆಯನ್ನು ಕೇಳಿದೆ. ನಗು ನಿಂತಿತು.

"ಕವಲು ಒಡೆದರ ಸಾಕಾಗಂಗಿಲ್ಲರಿ" ಎಂದರು. "ತುದೀಗೆ ಸಣ್ಣ ಸಣ್ಣ ಚೀಲ ಆಗಬೇಕು. ಒದ್ದಿ ಪ್ಲಾಸ್ಟಿಕ್ ಚೀಲ ನೋಡೀರಲ್ಲ, ಎರಡೂ ಮಗ್ಗಲ ಅಂಟಿಕೊಂಡು ಬಿಡ್ತಾವು. ಚೀಲ ಅಂಟದಂಗ ಒಳಗ ಸಾಬೂನಿನಂಥಾದ್ದು ಒಂದು ಹುಟ್ಟಬೇಕು. ಅದು ಕಡೀಕಡೀಗೆ ಹುಟ್ಟತೈತಿ. ಲಗೂ ಬಂದ ಕೂಸಿಗೆ ಅದು ಇರಂಗಿಲ್ಲ. ಪಾಪ, ಒಂದೊಂದು ಉಸಿರಿಗೂ ಅಂಟಿದ ಚೀಲ ಬಿಡಿಸಬೇಕು. ದಣದ ಬಿಡ್ತೈತಿ."

ಅದಕ್ಕೆ ಉಪಾಯವೂ ಇದೆಯೆಂದರು. ಹೆರಿಗೆ ಬೇಗ ಆಗುವ ಹೆದರಿಕೆ ಇದ್ದರೆ ತಾಯಿಗೆ ಸ್ಟೆರಾಯ್ಡ್ ಸೂಜಿ. ಅಲ್ಲಿಯೂ ನೆರೆಮನೆಯ ಕಥೆಯೇ. ಔಷಧಿಯ ಸುದ್ದಿ ಸುತ್ತಲಿನ ಅಂಗಾಂಶಕ್ಕೂ ಮುಟ್ಟುತ್ತದೆ, ಅದು ಒಳಗಿನ ಪದರಕ್ಕೆ ಲಗೂ ಸಾಬೂನು ಮಾಡೆಂದು ಓಲೆ ಕಳಿಸುತ್ತದೆ. ಸೂಜಿಯ ಹೆಸರು ಬರೆದುಕೊಂಡು ನೀಲವ್ವನ ಗಂಡನಿಗೆ ಕಾಗದ ಹಾಕಿದೆ. ಹಾವೇರಿಯ ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ತಕ್ಷಣ ಕೊಡುವಂಥ ಔಷಧಿ ಅದು. ಸಮುದ್ರ ದಾಟಿ ಬಂದದ್ದು ಇದಕ್ಕೇನೋ ಎನಿಸಿತು.

ಹಾವೇರಿಯ ಡಾಕ್ಟರಿಗೆ ಇದೆಲ್ಲ ಗೊತ್ತೇ ಇತ್ತು. ಸ್ವಲ್ಪ ದಿನಗಳಲ್ಲಿ ನೀಲವ್ವನ ಗಂಡನ ಪತ್ರ ಬಂತು. "ಡಾಕ್ಟರ್ ಕಾರ್ಡ್ ನೋಡಿ, ಬರೂ ವಾರಕ್ಕ ಎಂಟು ತುಂಬ್ತಾವು, ಪುಪ್ಪುಸ ಬಲತಿರ್ತಾವು, ಸೂಜಿ ಏನೂ ಬೇಕಾಗಿಲ್ಲ ಅಂದ್ರು. ಕೂಸು ಒಂದೀಟು ಸಣ್ಣದೈತಿ ಅಷ್ಟ" ಎಂದು ಬರೆದಿದ್ದ. ಎಂಟು ದಾಟಿತಲ್ಲ ಎಂಬ ಸಂತೋಷದಲ್ಲಿ ನಾನು ಇಡೀ ಮಹಡಿಗೆ ಬಿಸ್ಕತ್ತು ಹಂಚಿದೆ.

ಇಲಿಮನೆ

ಅಲ್ಲಿಯವರೆಗೆ ನನಗೆ ಭ್ರೂಣಗಳನ್ನು ಐಲೀನ್ ತಂದುಕೊಡುತ್ತಿದ್ದರು. ಬಿಸ್ಕತ್ತು ಹಂಚಿದ ಮರುದಿನ ಮೊದಲ ಬಾರಿ ಇಲಿಮನೆಯಿಂದ ನಾನೇ ತಂದೆ. ಗಂಡು ಹೆಣ್ಣು ಕೂಡಿದ ಗುರುತು ಯಾವ ಬೆಳಿಗ್ಗೆ ಕಂಡಿತೆಂದು ಪಂಜರದ ಚೀಟಿಯಲ್ಲಿ ಬರೆದಿರುತ್ತದೆ. ಅಲ್ಲಿಂದ ಬೆರಳು ಮಡಚಿ ಎಣಿಸಿ, ಹನ್ನೊಂದು ದಿನದ್ದನ್ನು ಆರಿಸಿ, ಮೇಲೆ ತಂದು ಹೆಮ್ಮೆಯಿಂದ ಇಟ್ಟೆ.

ಐಲೀನ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರೇ ತಲೆ ಎತ್ತಿದರು. "ಹತ್ತು ದಿನದ್ದು ಯಾಕ ತಂದ್ರಿ? ಇನ್ನೂ ಮೊಗ್ಗು ಸುದ್ದಾ ನೆಟ್ಟಗಿಲ್ಲ."

"ಹನ್ನೊಂದು ಐತ್ರಿ. ಎಣಿಸೇ ತಂದೇನಿ."

"ಎಲ್ಲಿಂದ ಎಣಿಸಿದ್ರಿ?"

"ಗುರುತು ಕಂಡ ದಿನ ಒಂದು, ಮರುದಿನ ಎರಡು..."

"ಗುರುತು ಕಂಡ ದಿನ ಸೊನ್ನಿ ರೀ! ಒಂದು ದಿನ ತುಂಬಿದ ಮ್ಯಾಲೆ ಒಂದು."

ನನಗೆ ಸಿಟ್ಟು ಬಂತು. ನಮ್ಮಲ್ಲಿ ಸೊನ್ನೆಯಿಂದ ಯಾರೂ ಎಣಿಸುವುದಿಲ್ಲ. ಸೊನ್ನೆ ಕೊಟ್ಟವರು ನಾವೇ ಇರಬಹುದು, ಆದರೆ ಮನೆಯ ಲೆಕ್ಕಕ್ಕೆ ಅದನ್ನು ಬಳಸುವುದಿಲ್ಲ. ಹತ್ತು ಮುಗಿದು ಹನ್ನೊಂದನೆಯದು ಶುರುವಾದರೆ ಹನ್ನೊಂದರಲ್ಲಿ ಬಿತ್ತು ಎನ್ನುತ್ತೇವೆ. ಅದನ್ನೇ ಪದಕ್ಕೆ ಪದ ಇಂಗ್ಲಿಷು ಮಾಡಿ ಹೇಳಿದೆ: "ಇದು ಹನ್ನೊಂದರಾಗ ಬಿದ್ದೈತ್ರಿ."

"ಬಿದ್ದೈತಿ? ಎದರಾಗ? ಬಾವ್ಯಾಗ?" ಎಂದು ಐಲೀನ್ ನಕ್ಕರು.

ನಾನೂ ನಗಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೆಯೇ ಉಳಿಯಿತು. ಐದರಾಗ ಬಿದ್ದಾವು ಎಂದಿದ್ದಳು ನೀಲವ್ವ. ಅಂದರೆ ತುಂಬಿದ್ದು ನಾಲ್ಕು. ಐದು ತುಂಬಿವೆ ಎಂದು ಬರೆದವನು ನಾನು. ಡಾಕ್ಟರು ಅಲ್ಲಿಂದ ಎಣಿಸುತ್ತ ಬಂದಿದ್ದಾರೆ. ಎಂಟು ತುಂಬಿಲ್ಲ, ಈಗಷ್ಟೇ ಏಳು ತುಂಬಿ ಎಂಟರಲ್ಲಿ ಬಿದ್ದಿದೆ. ಹಿಂದಿನ ಎರಡೂ ಕೂಸು ಹುಟ್ಟಿದ್ದು ಬಸಿರಿನ ಸರಿಯಾಗಿ ಇದೇ ವಾರದಲ್ಲಿ. ಕೂಸು ಸಣ್ಣದಲ್ಲ, ಅದರ ವಯಸ್ಸೇ ಅಷ್ಟು. ಬೇಕಾದ ಸೂಜಿಯನ್ನು ಬೇಡವೆನ್ನಿಸಿದ್ದು ನನ್ನ ಇಂಗ್ಲಿಷು. ಮಾರ್ಗರೆಟ್ ಮೇಡಮ್ ಕೋಣೆಗೆ ಓಡಿ ಎಲ್ಲವನ್ನೂ ಹೇಳಿದೆ. ನಾಚಿಕೆ ಹೆಚ್ಚಾಗಿತ್ತೋ ಹೆದರಿಕೆ ಹೆಚ್ಚಾಗಿತ್ತೋ ತಿಳಿಯಲಿಲ್ಲ.

ಮಾರ್ಗರೆಟ್ ಮೇಡಮ್ ತಮ್ಮ ಕೋಣೆಯ ಫೋನನ್ನು ನನ್ನ ಮುಂದೆ ತಳ್ಳಿದರು. ಹಾವೇರಿಯಲ್ಲಿ ಆಗ ಮಧ್ಯಾಹ್ನ. ನರ್ಸ್ ಎತ್ತಿದಳು.

"ಯಾರ್ರಿ? ಎಲ್ಲಿಂದ?"

"ಗ್ಲಾಸ್ಗೊದಿಂದ್ರಿ!"

"ಗ್ಲಾಸಿನ ಅಂಗಡಿಯಿಂದನಾ? ಕಿಡಕಿ ಗ್ಲಾಸ್ ಹೋದ ವಾರಾನ ಹಾಕ್ಸೇವ್ರಿ. ಈಗೇನ ಬ್ಯಾಡ" ಎಂದು ಇಟ್ಟೇಬಿಟ್ಟಳು.

ಲೈನು ಮತ್ತೆ ಸಿಗಲು ಇಪ್ಪತ್ತು ನಿಮಿಷ ಹಿಡಿಯಿತು. ಈ ಬಾರಿ ಊರಿನ ಹೆಸರು ಹೇಳುವ ತಪ್ಪು ಮಾಡಲಿಲ್ಲ. "ಅಗಡಿ ನೀಲವ್ವನ ಅಣ್ಣ ರೀ, ಡಾಕ್ಟರಿಗೆ ಕೊಡ್ರಿ, ಲಗೂ" ಎಂದು ಕೂಗಿದೆ. ಡಾಕ್ಟರು ಬಂದರು. ನಾನು ಒಂದೇ ಉಸಿರಿನಲ್ಲಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಆಕಿ ಕಡೀ ಸಲ ಮುಟ್ಟಾಗಿದ್ದು ಯಾವಾಗ? ಏನರ ಗೊತ್ತೈತೇನು?"

ಅಣ್ಣನಿಗೆ ಕೇಳುವ ಪ್ರಶ್ನೆಯೇ ಇದು? ಆದರೆ ನನಗೆ ಗೊತ್ತಿತ್ತು. ಪಂಚಮಿಗೆ ತವರಿಗೆ ಬಂದ ನೀಲವ್ವ ಹಬ್ಬದ ದಿನವೇ ಹೊರಗಾಗಿದ್ದಳು. ಅವಳ ಪಾಲಿನ ಹಾಲನ್ನೂ ನಾಗಪ್ಪನಿಗೆ ನಾನೇ ಎರೆದಿದ್ದೆ. ಕಟ್ಟೆಯ ಮೇಲೆ ಕೂತು ಶೇಂಗಾದ ಉಂಡಿ ತಿನ್ನುತ್ತ, "ನೆಟ್ಟಗ ಎರಿ, ಅರ್ಧಾ ಹಾಲು ನಿನ್ನ ಕಾಲ ಮ್ಯಾಲೆ ಬಿದ್ದೈತಿ" ಎಂದು ಬೈದಿದ್ದಳು.

"ಪಂಚಮಿ ದಿನ ರೀ ಡಾಕ್ಟರ!" ಎಂದು ಗ್ಲಾಸ್ಗೊದ ಮೂರನೆಯ ಮಹಡಿ ಅದುರುವಂತೆ ಕೂಗಿದೆ.

ಕ್ಯಾಲೆಂಡರಿನ ಹಾಳೆ ಮಗುಚುವ ಸದ್ದು ಅಷ್ಟು ದೂರದಿಂದಲೂ ಕೇಳಿಸಿತು. "ಮೂವತ್ತು ವಾರ" ಎಂದರು. "ಕಾರ್ಡಿನ್ಯಾಗ ಮೂವತ್ತೈದು ಬರದೇನಿ. ಆಕಿನ್ನ ಕೇಳೂದು ಬಿಟ್ಟು ನಿಮ್ಮ ಎಂ.ಎಸ್‌ಸಿ. ನಂಬಿದೆ ನೋಡ್ರಿ, ನಂದೂ ತಪ್ಪ. ಇವತ್ತ ಕರಸ್ತೇನಿ. ಎರಡ ದಿನ ಸೂಜಿ ಮಾಡಬೇಕು. ಅಲ್ಲೀತನಕ ತಡದರ ಛಲೋ."

ಐದು ದಿನ

ಮತ್ತೆ ಕೇಳಲು ಧೈರ್ಯವಾಗದೆ ಐದು ದಿನ ಫೋನಿನ ಹತ್ತಿರ ಹೋಗಲಿಲ್ಲ. ಕೈಗೆ ಕೆಲಸ ಬೇಕಿತ್ತು. ಹನ್ನೊಂದು ತುಂಬಿದ ಒಂದು ಮೊಗ್ಗಿನ ಪಕ್ಕ ಮಣಿ ಇಟ್ಟು, ಗಂಟೆಗೊಮ್ಮೆ ನೋಡುತ್ತ ಕೂತೆ. ಗಂಟೆಗೊಮ್ಮೆ ನೋಡಿದರೆ ಅದೇನು ಬೆಳೆಯುತ್ತದೆ? ಆದರೂ ನೋಡಿದೆ. ಗೊತ್ತಿಲ್ಲದೆಯೇ ಅದರೊಡನೆ ಮಾತಾಡತೊಡಗಿದ್ದೆ.

"ಲಗೂ ಲಗೂ ಬೆಳಿ. ಮಣಿ ಇಟ್ಟೇನಿ, ಕಾಣವಲ್ದೇನು?"

ಹಿಂದೆ ನಿಂತಿದ್ದ ಐಲೀನ್ ಲಗೂ ಎಂದರೇನೆಂದು ಕೇಳಿದರು. ಬೇಗ ಎಂದು ಹೇಳಿದೆ. ಅಂದಿನಿಂದ ಅವರೂ ಪ್ರತಿ ಬೆಳಿಗ್ಗೆ ತಟ್ಟೆಗೆ "ಲಗೂ, ಲಗೂ" ಎಂದು ಹೇಳಿಯೇ ಕೋಟು ಬಿಚ್ಚುತ್ತಿದ್ದರು. ಆ ಐದು ದಿನ ಅವರು ಬಿಳಿ ಉಣ್ಣೆ ಬಿಟ್ಟು ಹಳದಿ ಉಣ್ಣೆಯಲ್ಲಿ ಏನನ್ನೋ ಬಹಳ ಸಣ್ಣದಾಗಿ ಹೆಣೆಯುತ್ತಿದ್ದರು. ಏನೆಂದು ನಾನು ಕೇಳಲಿಲ್ಲ. ಮೂರನೆಯ ದಿನ ಮೊಗ್ಗು ಮಣಿಯ ಕಡೆ ಕತ್ತು ಹೊರಳಿಸಿ ಅದನ್ನು ತಬ್ಬುವಂತೆ ನಿಂತಿತ್ತು. ನಾನು ಕಿಟಕಿಯ ಹತ್ತಿರ ಹೋಗಿ ಅತ್ತೆ.

ಆರನೆಯ ದಿನ ಫೋನು ಮಾಡಿದೆ. ಅದೇ ನರ್ಸ್.

"ಮೇಡಮ್, ಗ್ಲಾಸಿನ ಅಂಗಡಿಯವರು ಬಂದ್ರು ನೋಡ್ರಿ!" ಎಂದು ಒಳಗೆ ಕೂಗಿ, ಡಾಕ್ಟರು ಬರುವವರೆಗೂ ತಡೆಯಲಾರದೆ ತಾನೇ ಹೇಳಿದಳು. "ನಿನ್ನಿ ಹುಟ್ಟೈತ್ರಿ. ಹೆಣ್ಣು. ಅಂಗೈಯಷ್ಟ ಐತಿ. ಸೂಜಿ ಎರಡೂ ದಿನದ್ದು ಮುಗದಿದ್ವು. ಉಸಿರಾಟ ಸ್ವಲ್ಪ ಜೋರೈತಿ ಅಂತ ಹುಬ್ಬಳ್ಳಿಗೆ ಒಯ್ದಾರ. ಒದರಿದ್ದು ಮಾತ್ರ ಏನ್ ಒದರಿತರೀ, ಹೊರಗ ಪಾಳಿ ಹಚ್ಚಿದ್ದವರೆಲ್ಲ ಎದ್ದ ನಿಂತರು."

ಅಗಡಿ, ಮತ್ತೆ

ಏಪ್ರಿಲಿನ ನಡುವೆ ಊರು ಮುಟ್ಟಿದೆ. ನಾಲ್ಕು ತಿಂಗಳು ಗಡಗಡ ನಡುಗಿ ಬಂದವನಿಗೆ ಅಗಡಿಯ ಬಿಸಿಲು ಕೆನ್ನೆಗೆ ಹೊಡೆದಂತಾಯಿತು. ಕೂಸು ಹುಬ್ಬಳ್ಳಿಯಿಂದ ಬಂದು ವಾರವಾಗಿತ್ತು. ಆ ಬೇಸಿಗೆಯಲ್ಲೂ ಅದರ ತಲೆಗೆ ಕುಂಚಿಗೆ ಕಟ್ಟಿ, ಮೇಲೆ ಎರಡು ಅರಿವೆ ಸುತ್ತಿ ಮಲಗಿಸಿದ್ದರು. ಐಲೀನ್ ಕೊಟ್ಟ ಹಳದಿ ಉಣ್ಣೆಯ ಟೊಪ್ಪಿಗೆಯನ್ನು ನಾಚುತ್ತ ತೆಗೆದೆ. ನೀಲವ್ವ ಕುಂಚಿಗೆಯ ಮೇಲೆ ಅದನ್ನೂ ಏರಿಸಿದಳು. ಕೂಸು ನನ್ನನ್ನು ನೋಡಿ ಸೀನಿತು.

ಅವಳ ಪ್ರಶ್ನೆಗೆ ಉತ್ತರ ಕೊಟ್ಟೆ. ಅಂಟಿಕೊಳ್ಳುವ ಚೀಲ, ಸಾಬೂನು, ನೆರೆಮನೆಯವರ ಓಲೆ, ಎಲ್ಲವನ್ನೂ ಹೇಳಿದೆ. ನನ್ನ ಪತ್ರದ ತಪ್ಪನ್ನೂ ಬಿಡದೆ ಹೇಳಿದೆ. ಬೈಯುತ್ತಾಳೆಂದು ಕಾದೆ. ಅವಳು ಕೂಸಿನ ಎದೆಯ ಮೇಲೆ ಕೈಯಿಟ್ಟು, ಅದು ಏಳುವುದನ್ನೂ ಇಳಿಯುವುದನ್ನೂ ನೋಡುತ್ತ ಕೂತಿದ್ದಳು.

"ಎಷ್ಟು ತಿಂಗಳಾತು ಈಗ?" ಎಂದೆ, ಮಾತು ಬದಲಿಸಲು.

"ಎರಡರಾಗ ಬಿದ್ದಾಳ."

"ಮತ್ತ ಅದ! ಎರಡರಾಗ ಬಿದ್ದಾಳ ಅನಬ್ಯಾಡ ನೀಲಾ. ಒಂದು ತುಂಬೈತಿ ಅನ್ನು. ಹುಟ್ಟಿದ ದಿನ ಸೊನ್ನಿ. ಅಲ್ಲಿಂದ ಎಣಿಸಬೇಕು. ಇದರಿಂದನ ಇಷ್ಟೆಲ್ಲಾ ಆತು."

"ಡಾಕ್ಟರಿಗೆ ಹಂಗ ಹೇಳ್ತೇನಿ ಬಿಡು" ಎಂದಳು. ಆಮೇಲೆ ಕೂಸಿನ ಮೇಲಿಂದ ಕಣ್ಣು ತೆಗೆಯದೆಯೇ ಹೇಳಿದಳು. "ಆದರ ಮನ್ಯಾಗ ಆ ಲೆಕ್ಕ ಬ್ಯಾಡ ಅಣ್ಣ. ನಿನ್ನ ಲೆಕ್ಕದಾಗ ನನ್ನ ಮೊದಲಿನ ಎರಡೂ ಸೊನ್ನಿ ಆಕ್ಕಾವು. ನನ್ನ ಲೆಕ್ಕದಾಗ ಅವೂ ಒಂದರಾಗ ಬಿದ್ದಿದ್ವು."

ಅಷ್ಟರಲ್ಲಿ ಪರದೇಶದಿಂದ ಬಂದವನನ್ನು ನೋಡಲೆಂದು ಪಕ್ಕದ ಮನೆಯ ಗಂಗಮ್ಮ ಬಾಗಿಲಿಗೆ ಬಂದಳು. ನನ್ನನ್ನು ಒಂದು ಕ್ಷಣ ನೋಡಿ, ಕೂಸಿನ ಕಡೆ ಬಾಗಿ, "ಎಷ್ಟ ತಿಂಗಳಾದ್ವು ರೀ ಮಾಸ್ತರ?" ಎಂದಳು.

"ಎರಡರಾಗ ಬಿದ್ದಾಳ ರೀ" ಎಂದೆ.